ಮನೆಗೆ ಒಗ್ಗಿಸಿದ ಜನರೇಟರ್

ಆರಿದ್ರ ಮಳೆ ಹಿಡಿಯಿತೆಂದರೆ ಮಲೆನಾಡಿನಲ್ಲಿ ಕರೆಂಟಿಲ್ಲದ ಹೊತ್ತನ್ನು ಗಂಟೆಗಳಲ್ಲಿ ಎಣಿಸುವುದಿಲ್ಲ, ದಿನಗಳಲ್ಲಿ ಎಣಿಸುತ್ತಾರೆ. ಶಿರಸಿ, ಸಿದ್ದಾಪುರ, ಸಾಗರ, ತೀರ್ಥಹಳ್ಳಿ, ಶೃಂಗೇರಿ ಎಲ್ಲ ಕಡೆಯೂ ಕತೆ ಒಂದೇ. 11 ಕೆವಿ ತಂತಿ ಗುಡ್ಡ ಹತ್ತಿ ಕಣಿವೆ ಇಳಿದು ಕಾಡಿನ ನಡುವೆ ಮೈಲಿಗಟ್ಟಲೆ ಬಂದಿರುತ್ತದೆ. ಗಾಳಿಗೆ ಒಂದು ಮರ ಒರಗಿದರೆ ಹತ್ತು ಊರಿಗೆ ಕತ್ತಲು. ಲೈನ್‌ಮ್ಯಾನ್‌ಗಳು ಜಿಗಣೆ, ಜಾರಿಕೆ ಯಾವುದನ್ನೂ ಲೆಕ್ಕಿಸದೆ ಜಾಡು ಹಿಡಿದು ಹೋಗಿ, ಮರ ಕಡಿದು, ತಂತಿ ಎತ್ತುವಷ್ಟರಲ್ಲಿ ಮತ್ತೆಲ್ಲೋ ಇನ್ನೊಂದು ಕೊಂಬೆ ಬಿದ್ದಿರುತ್ತದೆ. 1035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ ಇದೇ ಸೀಮೆಯಲ್ಲಿದೆ. ನಾಡಿಗೆಲ್ಲ ಬೆಳಕು ಕೊಟ್ಟ ಊರುಗಳೇ ಮಳೆಗಾಲದಲ್ಲಿ ಚಿಮಣಿ ಬುಡ್ಡಿ ಹುಡುಕಬೇಕಾಗಿರುವುದು ಇಲ್ಲಿನವರ ಹಳೆಯ ನೋವು.

ಮೊದಲ ರಾತ್ರಿಯನ್ನು ಇನ್ವರ್ಟರ್ ದಾಟಿಸುತ್ತದೆ. 150 ಆಂಪಿಯರ್-ಅವರ್ ಬ್ಯಾಟರಿಯೊಂದು ಹೊಸದಾಗಿದ್ದು ತುಂಬಿದ್ದರೂ ಅದರಲ್ಲಿರುವುದು ಎರಡು ಯೂನಿಟ್ಟಿಗೂ ಕಡಿಮೆ. ಎರಡನೆಯ ದಿನ ಅದು ಕೀಂಯ್ ಎಂದು ಕೂಗಿ ನಿಲ್ಲುತ್ತದೆ. ಮೋಡ ಕವಿದ ಆಕಾಶದ ಕೆಳಗೆ ಸೋಲಾರ್ ಫಲಕದಿಂದಲೂ ಹೆಚ್ಚು ನಿರೀಕ್ಷಿಸುವಂತಿಲ್ಲ. ಮಾಳಿಗೆಯ ಮೇಲಿನ ಟ್ಯಾಂಕು ಬರಿದಾಗಿದೆ, ಫ್ರಿಜ್ಜಿನಲ್ಲಿ ಅಜ್ಜನ ಇನ್ಸುಲಿನ್ ಇದೆ, ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುತ್ತಿರುವ ಮಗಳಿಗೆ ಲ್ಯಾಪ್‌ಟಾಪ್ ಚಾರ್ಜ್ ಆಗಬೇಕು. ಜನರೇಟರಿನ ಮಾತು ಏಳುವುದು ಆಗ.

ಅಗ್ಗದ ಜನರೇಟರ್ ಕೊಳ್ಳುವುದು ಕಷ್ಟದ ಕೆಲಸವಲ್ಲ. ಅದನ್ನು ಒಂದು ಮನೆಗೆ ಒಗ್ಗಿಸುವುದು ಕಸುಬು. ಈ ಕಸುಬನ್ನು ಬಲ್ಲವರು ನಮ್ಮ ಸಣ್ಣ ಪೇಟೆಗಳಲ್ಲಿದ್ದಾರೆ. ಬೇಸಿಗೆಯಲ್ಲಿ ಪಂಪ್‌ಸೆಟ್ಟು, ಮಳೆಗೆ ಮುಂಚೆ ಔಷಧಿ ಹೊಡೆಯುವ ಯಂತ್ರ, ಮಳೆ ಬಿದ್ದ ಮೇಲೆ ಕಳೆ ಕತ್ತರಿಸುವ ಯಂತ್ರ, ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಯಂತ್ರ, ಹೀಗೆ ವರ್ಷವಿಡೀ ಒಂದಲ್ಲ ಒಂದು ಎಂಜಿನ್ನನ್ನು ಬಿಚ್ಚಿ ಹರವಿಕೊಂಡು ಕೂತಿರುವವರು. ಎಂಜಿನ್ ಮೇಸ್ತ್ರಿ ಎಂದು ಊರು ಅವರನ್ನು ಕರೆಯುತ್ತದೆ. ನಾನು ಬಹಳ ಕಾಲದಿಂದ ಕಂಡಿರುವ ಅಂಥ ಮೇಸ್ತ್ರಿಯೊಬ್ಬರ ಕೆಲಸ ನೋಡುತ್ತ ನೋಡುತ್ತ ಈ ವಿದ್ಯೆಯ ಒಳಗು ಸ್ವಲ್ಪ ಅರ್ಥವಾಗಿದೆ. ಓದುಗರಿಗೆ ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಯಂತ್ರದ ಮಾತು. ಪೆಟ್ರೋಲಿನಲ್ಲಿ ಓಡುವ ಸಣ್ಣ ಜನರೇಟರ್ ಎಂದರೆ ಒಂದೇ ಶಾಫ್ಟಿನ ಎರಡು ತುದಿಗೆ ಕೂತ ಎರಡು ಯಂತ್ರ. ಒಂದು ಕಡೆ ಎಂಜಿನ್, ಇನ್ನೊಂದು ಕಡೆ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್. ಆಲ್ಟರ್ನೇಟರಿನ ಒಳಗೆ ಎರಡು ಧ್ರುವದ ಕಾಂತ ತಿರುಗುತ್ತದೆ. ನಮ್ಮ ಮನೆಯ ಕರೆಂಟು 50 ಹರ್ಟ್ಜ್, ಎಂದರೆ ಸೆಕೆಂಡಿಗೆ 50 ಆವರ್ತನೆ. ಎರಡು ಧ್ರುವದ ಕಾಂತ ಸೆಕೆಂಡಿಗೆ 50 ಸುತ್ತು, ನಿಮಿಷಕ್ಕೆ 3000 ಸುತ್ತು ತಿರುಗಿದರೆ ಈ ಲೆಕ್ಕ ಕೂಡುತ್ತದೆ. ಹಾಗಾಗಿ ಅರ್ಧ ಕೆಲಸವಿರಲಿ ಪೂರ್ತಿ ಕೆಲಸವಿರಲಿ, ಎಂಜಿನ್ 3000ದ ಆಸುಪಾಸಿನಲ್ಲೇ ತಿರುಗುತ್ತಿರಬೇಕು. ಮನೆಯಲ್ಲಿ ಒಂದೇ ಬಲ್ಬು ಉರಿಯುತ್ತಿದ್ದರೂ ಜನರೇಟರ್ ಅಷ್ಟೇ ಗದ್ದಲ ಮಾಡುವುದು ಇದೇ ಕಾರಣಕ್ಕೆ. ಇನ್ವರ್ಟರ್ ಜನರೇಟರ್ ಎಂಬ ಹೊಸ ಜಾತಿ ಹೀಗಲ್ಲ. ಅದು ಹುಟ್ಟಿಸಿದ ಕರೆಂಟನ್ನು ಒಮ್ಮೆ ಡಿಸಿ ಮಾಡಿ, ಎಲೆಕ್ಟ್ರಾನಿಕ್ಸ್ ಮೂಲಕ ಮತ್ತೆ 50 ಹರ್ಟ್ಜ್‌ಗೆ ತರುವುದರಿಂದ ಕೆಲಸ ಕಡಿಮೆ ಇದ್ದಾಗ ಎಂಜಿನ್ ನಿಧಾನವಾಗಿ ಓಡಬಹುದು. ಸದ್ದು ಕಡಿಮೆ, ಪೆಟ್ರೋಲೂ ಉಳಿತಾಯ. ಆದರೆ ಬೆಲೆ ದುಬಾರಿ, ಒಳಗಿನ ಬೋರ್ಡು ಹೋದರೆ ಪೇಟೆಯಲ್ಲಿ ರಿಪೇರಿಯಿಲ್ಲ. ಈ ಲೇಖನದ ಮಟ್ಟಿಗೆ ಅದನ್ನು ಪಕ್ಕಕ್ಕಿಡುತ್ತೇನೆ.

ಅಗ್ಗದ ಜನರೇಟರುಗಳ ಎಂಜಿನ್ ಬಗ್ಗೆ ಒಂದು ಸಂಗತಿ ಕೊಳ್ಳುವವರಿಗೆ ತಿಳಿದಿರಬೇಕು. ಹೋಂಡಾ ಕಂಪನಿಯ ಜಿಎಕ್ಸ್160 ಎಂಬ 163 ಸಿಸಿ ಎಂಜಿನ್ ಮತ್ತು ಅದರ ಅಣ್ಣ 196 ಸಿಸಿಯ ಜಿಎಕ್ಸ್200 ಲೋಕದ ತುಂಬ ಹರಡಿದವು. ಚೀನಾದ ಹತ್ತಾರು ಕಾರ್ಖಾನೆಗಳು ಅದೇ ಅಳತೆಯಲ್ಲಿ ಎಂಜಿನ್ ಎರಕ ಹೊಯ್ದವು. ಬೇರೆ ಬೇರೆ ಬಣ್ಣ, ಬೇರೆ ಬೇರೆ ಹೆಸರು ಹೊತ್ತು ಅಂಗಡಿಗೆ ಬರುವ ಎರಡು-ಮೂರು ಕೆವಿಎ ಜನರೇಟರುಗಳಲ್ಲಿ ಬಹುಪಾಲಿನ ಹೊಟ್ಟೆಯಲ್ಲಿರುವುದು ಈ ಕುಟುಂಬದ ಎಂಜಿನ್ನೇ. ಪವರ್ ವೀಡರಿನಲ್ಲೂ ಪೆಟ್ರೋಲ್ ಪಂಪಿನಲ್ಲೂ ಅದೇ ಇದೆ. ಆದ್ದರಿಂದ ಕೃಷಿ ಯಂತ್ರ ಮಾರುವ ಅಂಗಡಿಯಲ್ಲಿ ಕಾರ್ಬೊರೇಟರ್, ಹಗ್ಗದ ಸ್ಪ್ರಿಂಗು, ಪ್ಲಗ್ಗು, ಪಿಸ್ಟನ್ ರಿಂಗು ಎಲ್ಲ ಸಿಗುತ್ತವೆ. ಮೇಸ್ತ್ರಿ ಅಂಗಡಿಯಲ್ಲಿ ಮೊದಲು ನೋಡುವುದು ಇದನ್ನೇ. ಹೆಸರು ಯಾವುದಾದರೂ ಇರಲಿ, ಎಂಜಿನ್ ಈ ಅಳತೆಯದ್ದಾಗಿದ್ದರೆ ಒಪ್ಪುತ್ತಾರೆ. ಅಪರೂಪದ ಅಳತೆಯದ್ದಾದರೆ ಎಷ್ಟೇ ಅಗ್ಗವಿದ್ದರೂ ಬೇಡವೆನ್ನುತ್ತಾರೆ. ನನಗೂ ಅದೇ ಸರಿಯೆನಿಸುತ್ತದೆ. ಮಳೆಗಾಲದ ನಡುವೆ ಕೆಟ್ಟರೆ ಬಿಡಿಭಾಗ ಪೇಟೆಯಲ್ಲೇ ಸಿಗಬೇಕು.

ಆಲ್ಟರ್ನೇಟರಿನಲ್ಲಿ ಅವರು ನೋಡುವುದು ತೂಕ. ಬೆಲೆ ಇಳಿಸಲು ಕೆಲವರು ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಸುತ್ತುತ್ತಾರೆ. ಒಂದೇ ಕೆವಿಎ ಬರೆದ ಎರಡು ಸೆಟ್‌ಗಳನ್ನು ಎತ್ತಿ ನೋಡಿದರೆ ಎಷ್ಟೋ ಸಲ ಕೈಗೇ ವ್ಯತ್ಯಾಸ ತಿಳಿಯುತ್ತದೆ. ಅಲ್ಯೂಮಿನಿಯಂ ಸುತ್ತಿದ್ದೆಲ್ಲ ಕೆಟ್ಟದ್ದಲ್ಲ, ಆದರೆ ಅದರಿಂದ ಬರೆದಷ್ಟು ಕೆಲಸ ತೆಗೆಯಬಾರದು. ಇನ್ನು ಪಟ್ಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವುದು ಹೆಚ್ಚಾಗಿ ‘ಗರಿಷ್ಠ’ ಶಕ್ತಿ, ಕೆಲವೇ ನಿಮಿಷ ತಡೆಯಬಲ್ಲದ್ದು. ಸಣ್ಣ ಅಕ್ಷರದಲ್ಲಿರುವ ‘ರೇಟೆಡ್’ ಅಂಕಿಯೇ ನಮ್ಮದು. ಕೆವಿಎ ಎಂದಷ್ಟೇ ಬರೆದಿದ್ದರೆ, ಅದನ್ನು ಕಿಲೋವ್ಯಾಟಿಗೆ ಇಳಿಸುವಾಗ ಸಾಮಾನ್ಯವಾಗಿ 0.8ರಿಂದ ಗುಣಿಸುತ್ತಾರೆ. 2.5 ಕೆವಿಎ ಎಂದರೆ 2 ಕಿಲೋವ್ಯಾಟ್.

ಇಷ್ಟರ ಮೇಲೆ ಲೆಕ್ಕ. ಒಂಬತ್ತು ವ್ಯಾಟಿನ ಹತ್ತು ಎಲ್‌ಇಡಿ ಬಲ್ಬು ಸೇರಿದರೂ 90 ವ್ಯಾಟ್. ಫ್ರಿಜ್ಜು ಓಡುವಾಗ ನೂರು-ನೂರೈವತ್ತು. ಟಿವಿ, ವೈಫೈ, ಫೋನುಗಳು ಸೇರಿ ಇನ್ನೊಂದು ನೂರು. ಇನ್ವರ್ಟರಿನ ಬ್ಯಾಟರಿ ಚಾರ್ಜ್ ಮಾಡಿಕೊಳ್ಳಲು ಸುಮಾರು 250. ಮಿಕ್ಸಿ ತಿರುಗಿದಷ್ಟು ಹೊತ್ತು 500ರಿಂದ 750. ಇವೆಲ್ಲ ಎರಡು ಕಿಲೋವ್ಯಾಟಿನೊಳಗೆ ಸಲೀಸಾಗಿ ಕೂರುತ್ತವೆ. ಗೀಸರು, ಇಂಡಕ್ಷನ್ ಒಲೆಗಳನ್ನು ಮರೆತುಬಿಡಬೇಕು. ಹಂಡೆಯೊಲೆ ಇರುವ ಮನೆಗೆ ಅದೇನೂ ಕೊರತೆಯಲ್ಲ. ತೋಟದ ಮೂರು ಫೇಸಿನ 5 ಎಚ್‌ಪಿ ಪಂಪಿನ ಆಸೆಯನ್ನೂ ಬಿಡಬೇಕು, ಅದಕ್ಕೆ ಡೀಸೆಲ್ ಸೆಟ್ಟೇ ಬೇಕು.

ಸಿಕ್ಕಿಕೊಳ್ಳುವುದು ಬಾವಿಯ ಪಂಪಿನಲ್ಲಿ. 1 ಎಚ್‌ಪಿ ಎಂದರೆ 746 ವ್ಯಾಟ್, ಎರಡು ಕಿಲೋವ್ಯಾಟಿನ ಜನರೇಟರಿಗೆ ಅದೆಷ್ಟರ ಭಾರ ಎಂದುಕೊಂಡು ಕೊಂಡವರು ಬಹಳ. 746 ಎಂಬುದು ಮೋಟಾರು ಹೊರಗೆ ಕೊಡುವ ಶಕ್ತಿ. ಒಳಗೆ ಎಳೆದುಕೊಳ್ಳುವುದು ಸಾವಿರ ವ್ಯಾಟಿಗೂ ಮೀರಿ. ಅದೂ ಓಡುವಾಗ. ಸ್ವಿಚ್ಚು ಹಾಕಿದ ಕ್ಷಣ, ನಿಂತ ಮೋಟಾರು ಓಡುವಾಗಿನ ಐದಾರು ಪಟ್ಟು ಕರೆಂಟು ಕೇಳುತ್ತದೆ. ಹೇರಿದ ಗಾಡಿ ಮೊದಲ ಸಲ ಕದಲುವಾಗ ಎತ್ತು ಮಂಡಿಯೂರುವಂತೆ ಎಂಜಿನ್ ಆಗ ಕುಗ್ಗುತ್ತದೆ, ವೋಲ್ಟೇಜು ಬೀಳುತ್ತದೆ. ವೋಲ್ಟೇಜು ಬಿದ್ದರೆ ಮೋಟಾರಿನ ತಿರುಗುಬಲ ಅದರ ವರ್ಗಕ್ಕೆ ಸರಿಯಾಗಿ ಇಳಿಯುತ್ತದೆ. ವೋಲ್ಟೇಜು ಅರ್ಧವಾದರೆ ಬಲ ಕಾಲು ಭಾಗ. ಪಂಪು ಹೂಂಗುಟ್ಟುತ್ತದೆ, ತಿರುಗುವುದಿಲ್ಲ, ಕಾಯುತ್ತ ನಿಂತರೆ ಕಾಯಿಲ್ ಸುಡುತ್ತದೆ. ಪಂಪಿನ ಮೂರು ಪಟ್ಟು ಜನರೇಟರ್ ಇರಲಿ ಎಂಬ ವಾಡಿಕೆಯ ಲೆಕ್ಕ ಬಂದಿರುವುದು ಇದರಿಂದಲೇ.

ಇಲ್ಲಿ ಮೇಸ್ತ್ರಿಯ ರೀತಿ ನನಗೆ ತುಂಬ ಮೆಚ್ಚುಗೆಯದ್ದು. ದೊಡ್ಡ ಜನರೇಟರ್ ತನ್ನಿ ಎನ್ನುವ ಮೊದಲು ಅವರು ಬಾವಿಕಟ್ಟೆಗೆ ಹೋಗುತ್ತಾರೆ.

“ಹೆಗಡೇರೇ, ಪಂಪಿನ ಕೆಪಾಸಿಟರ್ ಬದಲಿಸಿ ಎಷ್ಟು ವರ್ಷ ಆಯ್ತು?”

“ಅದನ್ನ ಬದಲಿಸೋದು ಇರತ್ತಾ ಮೇಸ್ತ್ರಿ?”

“ಮೊದಲು ಪಂಪನ್ನ ಗುಣ ಮಾಡುವ. ಆಮೇಲೆ ಜನರೇಟರ್ ಎಷ್ಟರದ್ದು ಅಂತ ನೋಡಿದ್ರಾಯ್ತು.”

ಹಳೆಯ ಕೆಪಾಸಿಟರ್ ಸೊರಗಿದ್ದರೆ ಮೋಟಾರು ಏಳಲು ತಡಕಾಡುತ್ತದೆ. ಊರಿನ ಕರೆಂಟಿನಲ್ಲಿ ಅದು ಗೊತ್ತಾಗುವುದಿಲ್ಲ, ಜನರೇಟರಿನಲ್ಲಿ ಕೂಡಲೇ ಗೊತ್ತಾಗುತ್ತದೆ. ಹೊಸದು ಹಾಕುತ್ತಾರೆ. ಬಿಗಿದ ಬೇರಿಂಗಿದ್ದರೆ ಅದನ್ನೂ ಬದಲಿಸುತ್ತಾರೆ. ಮೊನೊಬ್ಲಾಕ್ ಪಂಪಾದರೆ ನೀರು ಹೊರಹೋಗುವ ಪೈಪಿನ ಗೇಟ್‌ವಾಲ್ವನ್ನು ಮುಚ್ಚಿಟ್ಟು ಶುರು ಮಾಡಲು ಹೇಳಿಕೊಡುತ್ತಾರೆ. ಈ ಬಗೆಯ ಪಂಪು ನೀರು ಎತ್ತದೆ ಸುಮ್ಮನೆ ತಿರುಗುವಾಗ ಭಾರ ಕಡಿಮೆ, ಬೇಗ ವೇಗ ಹಿಡಿಯುತ್ತದೆ. ಹಿಡಿದ ಮೇಲೆ ವಾಲ್ವನ್ನು ನಿಧಾನವಾಗಿ ತೆರೆದರಾಯಿತು. ಪಂಪನ್ನೇ ಮೊದಲು ಏಳಿಸಿ, ಮಿಕ್ಕಿದ್ದೆಲ್ಲ ಆಮೇಲೆ. ಇಷ್ಟು ಮಾಡಿ 4 ಕೆವಿಎ ಬೇಕೆನಿಸಿದ್ದ ಮನೆಯನ್ನು 3 ಕೆವಿಎಯಲ್ಲಿ ನಡೆಸಿದ್ದನ್ನು ನೋಡಿದ್ದೇನೆ. ಕೊಂಡವನಿಗೆ ದುಡ್ಡೂ ಉಳಿಯಿತು, ಪ್ರತಿ ಗಂಟೆಯ ಪೆಟ್ರೋಲೂ ಉಳಿಯಿತು.

ಹೊಸ ಸೆಟ್ ಮನೆಗೆ ಬಂದ ದಿನ ಅದನ್ನು ನೇರವಾಗಿ ಮನೆಗೆ ಜೋಡಿಸುವುದಿಲ್ಲ. ಅಂಗಳದಲ್ಲಿಟ್ಟು ಮೊದಲು ಎಣ್ಣೆ. ಈ ಎಂಜಿನ್ನುಗಳಿಗೆ ಹಿಡಿಸುವುದು ಸುಮಾರು 600 ಮಿಲಿಲೀಟರ್. ಅಷ್ಟು ಸಣ್ಣ ಪ್ರಮಾಣ ಒಂದಿಷ್ಟು ತಗ್ಗಿದರೂ ಎಂಜಿನ್ ಕಚ್ಚಿಕೊಳ್ಳುತ್ತದೆ. ಮೊದಲ 20 ಗಂಟೆ ಓಡಿದ ಮೇಲೆ ಎಣ್ಣೆ ಬಸಿದು ಹೊಸದು ಹಾಕಬೇಕು, ಹೊಸ ಎಂಜಿನ್ನಿನ ಸವೆದ ಲೋಹದ ಹುಡಿಯೆಲ್ಲ ಅದರಲ್ಲಿರುತ್ತದೆ. ಆಮೇಲೆ ನೂರು ಗಂಟೆಗೊಮ್ಮೆ.

ಎಂಜಿನ್ ಬೆಚ್ಚಗಾದ ಮೇಲೆ ವೇಗ ಹೊಂದಿಸುವ ಕೆಲಸ. ಮೇಸ್ತ್ರಿ ಮಲ್ಟಿಮೀಟರನ್ನು ಹರ್ಟ್ಜ್‌ಗೆ ತಿರುಗಿಸಿ ಸಾಕೆಟ್ಟಿಗೆ ಚುಚ್ಚುತ್ತಾರೆ. ಏನೂ ಭಾರವಿಲ್ಲದಾಗ ಅದು 52ರ ಹತ್ತಿರ ತೋರಬೇಕು. ಒಂದು ಇಸ್ತ್ರಿಪೆಟ್ಟಿಗೆ ಜೋಡಿಸುತ್ತಾರೆ, ಸಾವಿರ ವ್ಯಾಟಿನ ಭಾರ. ಎಂಜಿನ್ನಿನ ದನಿ ಒಂದು ಕ್ಷಣ ಇಳಿದು ಮತ್ತೆ ಏರುತ್ತದೆ. ಒಳಗಿನ ಗವರ್ನರಿನ ತೂಕದ ಗುಂಡುಗಳು ವೇಗ ತಗ್ಗಿದ್ದನ್ನು ಕಂಡು ಥ್ರಾಟಲನ್ನು ತೆರೆದವು. ಮೀಟರು 50-51ರಲ್ಲಿ ನಿಲ್ಲುತ್ತದೆ. ಪೂರ್ತಿ ಭಾರಕ್ಕೆ 50ಕ್ಕಿಂತ ತೀರ ಕೆಳಗಿಳಿಯಬಾರದು, ಬರಿದಾಗಿದ್ದಾಗ 53 ದಾಟಬಾರದು. ಕಾರ್ಖಾನೆಯಿಂದ ಬಂದದ್ದು ಹಾಗಿರದಿದ್ದರೆ ಗವರ್ನರ್ ಸ್ಪ್ರಿಂಗಿನ ಸ್ಕ್ರೂವನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತಾರೆ, ಮತ್ತೆ ಇಸ್ತ್ರಿಪೆಟ್ಟಿಗೆ ಹಾಕಿ ತೆಗೆದು ನೋಡುತ್ತಾರೆ. ಆ ಹೊತ್ತಿನಲ್ಲಿ ಅವರ ಕಣ್ಣು ಮೀಟರಿನ ಮೇಲಿರುವುದಕ್ಕಿಂತ ಹೆಚ್ಚಾಗಿ ಕಿವಿ ಎಂಜಿನ್ನಿನ ಮೇಲಿರುತ್ತದೆ. ಏರಿ ಇಳಿದು ಏರಿ ಇಳಿದು ಉಬ್ಬಸಪಡುವ ಸದ್ದು ಬಂದರೆ ಸ್ಕ್ರೂ ಮುಟ್ಟುವುದೇ ಇಲ್ಲ. ಅದು ಗವರ್ನರಿನ ತಪ್ಪಲ್ಲ, ಕಾರ್ಬೊರೇಟರಿನ ಸಣ್ಣ ಜೆಟ್ ಕಟ್ಟಿದೆ. ಬಿಚ್ಚಿ, ವಯರಿನೊಳಗಿನ ತಾಮ್ರದ ಒಂದೇ ಎಳೆಯನ್ನು ಆ ತೂತಿನಲ್ಲಿ ಹಾಯಿಸುತ್ತಾರೆ. ಸೂಜಿ ಚುಚ್ಚುವವರಿದ್ದಾರೆ, ಸೂಜಿಯ ಉಕ್ಕು ಹಿತ್ತಾಳೆಯ ತೂತನ್ನು ಹಿಗ್ಗಿಸುತ್ತದೆ. ಹಿಗ್ಗಿದ ಜೆಟ್ ಮತ್ತೆಂದೂ ಸರಿಹೋಗುವುದಿಲ್ಲ.

ಇನ್ನೊಂದು ಕೈಚಳಕ ಹೇಳಲೇಬೇಕು. ವರ್ಷಗಟ್ಟಲೆ ಮೂಲೆಯಲ್ಲಿದ್ದ ಸೆಟ್ ಕೆಲವೊಮ್ಮೆ ಚೆನ್ನಾಗಿ ಓಡುತ್ತದೆ, ಕರೆಂಟು ಮಾತ್ರ ಬರುವುದಿಲ್ಲ. ರೋಟರಿನ ಕಬ್ಬಿಣದಲ್ಲಿ ಉಳಿದಿರುವ ಅಷ್ಟಿಷ್ಟು ಕಾಂತಶಕ್ತಿಯೇ ಮೊದಲ ಕಿಡಿ. ಅದರಿಂದ ಹುಟ್ಟಿದ ಅಲ್ಪ ಕರೆಂಟನ್ನು ಎವಿಆರ್ ಎಂಬ ಪೆಟ್ಟಿಗೆ ರೋಟರಿಗೆ ಮರಳಿಸಿ ಬೆಳೆಸುತ್ತದೆ. ಉಳಿದ ಕಾಂತಶಕ್ತಿ ಆರಿಹೋದರೆ ಬೆಳೆಸಲು ಏನೂ ಇಲ್ಲ. ಮೇಸ್ತ್ರಿ ಎವಿಆರ್‌ನ ತಂತಿಗಳನ್ನು ಬಿಡಿಸಿ, ಬ್ರಷ್ಷಿನ ಎರಡು ತುದಿಗೆ ಬೈಕಿನ 12 ವೋಲ್ಟ್ ಬ್ಯಾಟರಿಯನ್ನು, ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ನೋಡಿಕೊಂಡು ಕೆಲವು ಕ್ಷಣ ತಾಗಿಸುತ್ತಾರೆ. ತಂತಿಗಳನ್ನು ಮತ್ತೆ ಜೋಡಿಸಿ ಹಗ್ಗ ಎಳೆದರೆ ಬಲ್ಬು ಉರಿಯುತ್ತದೆ. ಕಾಯಿಲ್ ಸುಟ್ಟಿದೆ ಎಂದು ಗುಜರಿಗೆ ಹೊರಟಿದ್ದ ಯಂತ್ರಗಳು ಹೀಗೆ ಮನೆಗೆ ಮರಳಿವೆ.

ಇನ್ನು ಮನೆಗೆ ಜೋಡಿಸುವ ವಿಷಯ. ಇಡೀ ಕಸುಬಿನಲ್ಲಿ ಇದಕ್ಕಿಂತ ಜವಾಬ್ದಾರಿಯ ಘಟ್ಟ ಇನ್ನೊಂದಿಲ್ಲ.

ಎರಡೂ ತುದಿಗೆ ಮೂರು ಕಡ್ಡಿಯ ಪ್ಲಗ್ ಹಾಕಿದ ವಯರು ಹಳ್ಳಿಗಳಲ್ಲಿ ಇನ್ನೂ ಕಾಣುತ್ತದೆ. ಒಂದು ತುದಿ ಜನರೇಟರಿಗೆ, ಇನ್ನೊಂದು ತುದಿ ಗೋಡೆಯ ಸಾಕೆಟ್ಟಿಗೆ. ಮನೆಯೆಲ್ಲ ಬೆಳಗುತ್ತದೆ. ಮೇನ್ ಸ್ವಿಚ್ ಆರಿಸಿದ್ದೇನೆ ಎಂಬ ನಂಬಿಕೆಯ ಮೇಲೆ ಮಾಡುವ ಕೆಲಸ ಇದು. ಒಂದು ದಿನ ಆರಿಸಲು ಮರೆತರೆ, ಅಥವಾ ಬೇರೆಯವರು ಹಾಕಿದರೆ, ಜನರೇಟರಿನ 230 ವೋಲ್ಟ್ ಮೀಟರು ದಾಟಿ ಕಂಬಕ್ಕೆ, ಕಂಬದಿಂದ ಟ್ರಾನ್ಸ್‌ಫಾರ್ಮರಿಗೆ ಹೋಗುತ್ತದೆ. 11 ಸಾವಿರವನ್ನು ಇಳಿಸಿ ನಮಗೆ ಕೊಡುವ ಅದೇ ಟ್ರಾನ್ಸ್‌ಫಾರ್ಮರ್, ಹಿಂದಿನಿಂದ ಬಂದ ಕರೆಂಟನ್ನು ಸಾವಿರಾರು ವೋಲ್ಟಿಗೆ ಏರಿಸಿ ಕಾಡಿನ ತಂತಿಗೆ ಬಿಡುತ್ತದೆ. ಆ ತಂತಿ ಸತ್ತಿದೆ ಎಂದು ನಂಬಿ ಒಬ್ಬ ಲೈನ್‌ಮ್ಯಾನ್ ಅಲ್ಲಿ ಕೈಯಿಟ್ಟಿರುತ್ತಾನೆ. ಜೊತೆಗೆ ಗೋಡೆಯಿಂದ ಕಿತ್ತ ಪ್ಲಗ್ಗಿನ ಬರಿಗಡ್ಡಿಗಳಲ್ಲೂ ಕರೆಂಟು ಇರುತ್ತದೆ, ಮನೆಯ ಮಗು ಮುಟ್ಟಿದರೂ ಮುಗಿಯಿತು. ಇಂಥ ವಯರು ಮಾಡಿಕೊಡಿ ಎಂದು ಕೇಳಿದವರಿಗೆ ನಮ್ಮ ಮೇಸ್ತ್ರಿ ಕೆಲಸವನ್ನೇ ಒಪ್ಪುವುದಿಲ್ಲ. ಯಾರ ಮಾತಿಗೂ ಕರಗದ ಅವರ ಆ ಹಟಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದಿದ್ದೇನೆ.

ಸರಿಯಾದ ದಾರಿ ಚೇಂಜ್‌ಓವರ್ ಸ್ವಿಚ್. ಒಂದು ಕಡೆ ಊರಿನ ಕರೆಂಟು, ಇನ್ನೊಂದು ಕಡೆ ಜನರೇಟರ್, ನಡುವೆ ಎರಡೂ ಇಲ್ಲದ ಸೊನ್ನೆ. ಹಿಡಿಕೆ ಒಂದೇ ಆದ್ದರಿಂದ ಎರಡೂ ಒಟ್ಟಿಗೆ ಕೂಡುವುದು ಸಾಧ್ಯವೇ ಇಲ್ಲ. ಮರೆವಿಗೆ ಇಲ್ಲಿ ಜಾಗವಿಲ್ಲ. ಅದು ಎರಡು ಪೋಲಿನದ್ದಾಗಿರಬೇಕು, ಎಂದರೆ ಫೇಸನ್ನೂ ನ್ಯೂಟ್ರಲನ್ನೂ ಒಟ್ಟಿಗೇ ಕತ್ತರಿಸಬೇಕು. ಮೂರು ಫೇಸಿನ ಮನೆಯಾದರೆ ಬೇಕಾದ ದೀಪ, ಫ್ರಿಜ್ಜು, ಬಾವಿ ಪಂಪುಗಳನ್ನಷ್ಟೇ ಬೇರೆ ಡಬ್ಬಿಗೆ ತಂದು, ಆ ಡಬ್ಬಿಯನ್ನು ಮಾತ್ರ ಚೇಂಜ್‌ಓವರಿಗೆ ಕೊಡುತ್ತಾರೆ. ಹೊರಗೋಡೆಯ ಮೇಲೆ ಮುಚ್ಚಳವಿರುವ ಒಂದು ಇನ್‌ಲೆಟ್. ಕಡ್ಡಿಗಳು ಗೋಡೆಯ ಕಡೆ, ತೂತುಗಳು ಜನರೇಟರಿನಿಂದ ಬರುವ ವಯರಿನ ಕಡೆ. ಕರೆಂಟು ಬರುವ ತುದಿ ಎಂದೂ ಬರಿಗಡ್ಡಿಯಾಗಿರಬಾರದು. ಜನರೇಟರ್ ದೂರವಿದ್ದರೆ ವಯರು 4 ಚದರ ಮಿಲಿಮೀಟರಿನದ್ದು. ತೆಳ್ಳನೆಯ ವಯರಿನಲ್ಲಿ ಪಂಪು ಏಳುವ ಹೊತ್ತಿನ ವೋಲ್ಟೇಜು ದಾರಿಯಲ್ಲೇ ಕಳೆದುಹೋಗುತ್ತದೆ.

ಅರ್ಥಿಂಗ್ ಬಗ್ಗೆ ಬಹಳ ಜನಕ್ಕೆ, ಕೆಲವು ವೈರ್‌ಮನ್‌ಗಳಿಗೂ ಗೊತ್ತಿಲ್ಲದ ಒಂದು ಮಾತಿದೆ. ಎತ್ತಿಕೊಂಡು ಹೋಗುವ ಜನರೇಟರುಗಳಲ್ಲಿ ನ್ಯೂಟ್ರಲ್ ಸಾಮಾನ್ಯವಾಗಿ ಯಾವುದಕ್ಕೂ ಕಟ್ಟಿರುವುದಿಲ್ಲ, ತೇಲುತ್ತಿರುತ್ತದೆ. ಒಂದು ಯಂತ್ರವನ್ನು ನೇರವಾಗಿ ಅದಕ್ಕೆ ಚುಚ್ಚಿ ನಡೆಸುವಾಗ ಅದರಿಂದ ತೊಂದರೆಯಿಲ್ಲ. ಇಡೀ ಮನೆಗೆ ಕೊಟ್ಟಾಗ ತೊಂದರೆಯಿದೆ. ಎಲ್ಲೋ ಫೇಸು ಫ್ರಿಜ್ಜಿನ ಮೈಗೆ ತಗುಲಿದರೆ ಆ ಕರೆಂಟಿಗೆ ಜನರೇಟರಿಗೆ ಮರಳುವ ದಾರಿಯೇ ಇರುವುದಿಲ್ಲ, ಹಾಗಾಗಿ ಕರೆಂಟು ಸೋರಿದರೆ ತಾನೇ ಬಿದ್ದು ಜೀವ ಉಳಿಸಬೇಕಾದ ಆರ್‌ಸಿಸಿಬಿ ಸುಮ್ಮನೆ ಕೂರುತ್ತದೆ. ಎರಡು ಪೋಲಿನ ಚೇಂಜ್‌ಓವರ್ ಹಾಕಿದ ಮನೆಯಲ್ಲಿ ಮೇಸ್ತ್ರಿ ಜನರೇಟರಿನ ಕಡೆಯ ನ್ಯೂಟ್ರಲನ್ನು ಅರ್ಥಿಗೆ ಕಟ್ಟುತ್ತಾರೆ, ಜಿಐ ಪೈಪು ಹೂತು ಸುತ್ತ ಇದ್ದಿಲು ಉಪ್ಪು ತುಂಬಿದ ಅರ್ಥ್ ಗುಂಡಿಗೆ. ಆಮೇಲೆ ಪರೀಕ್ಷೆ. 15 ವ್ಯಾಟಿನ ಹಳೆಯ ಸೊನ್ನೆ ಬಲ್ಬೊಂದರ ಎರಡು ತಂತಿಯಲ್ಲಿ ಒಂದನ್ನು ಫೇಸಿಗೆ, ಇನ್ನೊಂದನ್ನು ಅರ್ಥಿಗೆ ತಾಗಿಸುತ್ತಾರೆ. ಅದರಲ್ಲಿ ಹರಿಯುವುದು 65 ಮಿಲಿಆಂಪಿಯರ್. ಮನೆಯ ಆರ್‌ಸಿಸಿಬಿ ಬೀಳಬೇಕಾದದ್ದು 30ಕ್ಕೆ. ಬಲ್ಬು ಸರಿಯಾಗಿ ಹೊತ್ತಿಕೊಳ್ಳುವ ಮೊದಲೇ ಟಪ್ಪೆಂದು ಬಿದ್ದರೆ ಮಾತ್ರ ಅವರು ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕುತ್ತಾರೆ. ಆರ್‌ಸಿಸಿಬಿಯ ಮೇಲಿರುವ ಟೆಸ್ಟ್ ಗುಂಡಿ ಒತ್ತಿ ನೋಡಿದರೆ ಸಾಲದು, ಅರ್ಥ್ ಇಲ್ಲದಿದ್ದರೂ ಅದು ಬೀಳುತ್ತದೆ. ಈ ಪರೀಕ್ಷೆಯನ್ನು ಬಲ್ಲವರೇ ಮಾಡಬೇಕು, ಓದಿಕೊಂಡು ಮನೆಯಲ್ಲಿ ಮಾಡುವಂಥದ್ದಲ್ಲ.

ಜನರೇಟರ್ ಇಡುವ ಜಾಗ ಎಲ್ಲಿ ಎಂಬುದಕ್ಕೆ ಉತ್ತರ ಚಿಕ್ಕದು, ಆದರೆ ಸಡಿಲಿಸುವಂಥದ್ದಲ್ಲ. ಮನೆಯಿಂದ 20 ಅಡಿಯಾದರೂ ಆಚೆ, ಹೊಗೆಯ ಬಾಯಿ ಮನೆಗೂ ಕೊಟ್ಟಿಗೆಗೂ ಬೆನ್ನು ಮಾಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ಜಗುಲಿ, ಕಾರು ನಿಲ್ಲಿಸುವ ಶೆಡ್ಡು, ಕಿಟಕಿ ತೆರೆದಿಟ್ಟ ಕೋಣೆ, ಇವು ಯಾವುವೂ ಹೊರಗಲ್ಲ. ನಾಲ್ಕು ಕಂಬ, ಮೇಲೊಂದು ತಗಡು, ಕೆಸರು ಮುಟ್ಟದಷ್ಟು ಎತ್ತರದ ಕಟ್ಟೆ, ಇಷ್ಟಿದ್ದರೆ ಮಳೆಯಲ್ಲೂ ಓಡಿಸಬಹುದು. ಸದ್ದಿಗೆ ಹೆದರಿ ಸುತ್ತ ಹಲಗೆ ಹೊಡೆಯಬೇಡಿ, ಗಾಳಿಯಿಂದ ತಣ್ಣಗಾಗುವ ಎಂಜಿನ್ ಅದು, ಬೇಯುತ್ತದೆ. ಪೆಟ್ರೋಲ್ ತುಂಬುವುದು ಎಂಜಿನ್ ಆರಿದ ಮೇಲೆ ಮಾತ್ರ.

ಪೆಟ್ರೋಲಿನ ಮಾತಿಗೆ ಬಂದರೆ, ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥೆನಾಲ್ ಬೆರೆತ ಇ20. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ಮಲೆನಾಡಿನ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ನೀರೂ ಎಥೆನಾಲೂ ಸೇರಿ ತಳಕ್ಕಿಳಿಯುತ್ತವೆ, ಕಾರ್ಬೊರೇಟರಿನ ಬಟ್ಟಲಿನಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಅದಕ್ಕೇ ಪ್ರತಿ ಸಲ ನಿಲ್ಲಿಸುವಾಗ ಸ್ವಿಚ್ಚಿನ ಬದಲು ಪೆಟ್ರೋಲ್ ಕಾಕ್ ಮುಚ್ಚಿ, ಬಟ್ಟಲು ಬರಿದಾಗಿ ಎಂಜಿನ್ ತಾನೇ ನಿಲ್ಲಲಿ ಎನ್ನುತ್ತಾರೆ ಮೇಸ್ತ್ರಿ. ಹಾಗೆ ಮಾಡುವ ಮನೆಯವರ ಕಾರ್ಬೊರೇಟರ್ ಅವರ ಅಂಗಡಿಗೆ ಬರುವುದು ಅಪರೂಪ.

ಖರ್ಚಿನ ಲೆಕ್ಕವೂ ಗೊತ್ತಿರಲಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ಟಿನಷ್ಟು ಶಕ್ತಿ ಅಡಗಿದೆ. ಇಷ್ಟು ಸಣ್ಣ ಎಂಜಿನ್ ಅದರಲ್ಲಿ ಒಂದೂವರೆಯಿಂದ ಎರಡು ಯೂನಿಟ್ಟನ್ನು ಮಾತ್ರ ಕರೆಂಟಾಗಿ ಕೊಡುತ್ತದೆ, ಅದೂ ಮುಕ್ಕಾಲು ಭಾರ ಹೊತ್ತಾಗ. ಲೀಟರಿಗೆ ನೂರು ರೂಪಾಯಿ ದಾಟಿರುವ ಈ ಕಾಲದಲ್ಲಿ ಯೂನಿಟ್ಟಿಗೆ 50-70 ರೂಪಾಯಿ ಬೀಳುತ್ತದೆ. ಬರಿದೆ ಎರಡು ಬಲ್ಬಿಗೆ ಓಡಿಸಿದರೆ ಅದರ ಹಲವು ಪಟ್ಟು. ಆದ್ದರಿಂದ ಇಡೀ ದಿನ ಓಡಿಸುವ ಯಂತ್ರವಲ್ಲ ಇದು. ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ. ಆ ಹೊತ್ತಿನಲ್ಲಿ ಟ್ಯಾಂಕಿಗೆ ನೀರು, ದೋಸೆಹಿಟ್ಟು, ಫ್ರಿಜ್ಜಿಗೆ ತಂಪು, ಇನ್ವರ್ಟರಿಗೆ ಚಾರ್ಜು, ಎಲ್ಲವೂ ಒಟ್ಟೊಟ್ಟಿಗೆ. ಮಿಕ್ಕ ಹೊತ್ತು ಬ್ಯಾಟರಿಯ ಬೆಳಕು, ಮಳೆಯ ಸದ್ದು. ಇಲ್ಲೊಂದು ತೊಡಕಿದೆ. ಅಗ್ಗದ ಸೆಟ್ಟಿನ ಕರೆಂಟನ್ನು ಎಷ್ಟೋ ಇನ್ವರ್ಟರುಗಳು ಒಪ್ಪುವುದಿಲ್ಲ, ಚಾರ್ಜ್ ಮಾಡಿಕೊಳ್ಳುವುದಿಲ್ಲ. ಇನ್ವರ್ಟರಿನ ಹಿಂದೆ ಯುಪಿಎಸ್ ಎಂದೂ ನಾರ್ಮಲ್ ಅಥವಾ ಇಕೋ ಎಂದೂ ಬರೆದ ಸಣ್ಣ ಸ್ವಿಚ್ಚಿರುತ್ತದೆ. ಯುಪಿಎಸ್‌ನಲ್ಲಿದ್ದಾಗ ಅದು 180ರಿಂದ 260 ವೋಲ್ಟಿನೊಳಗಿನ ಕರೆಂಟನ್ನು ಮಾತ್ರ ತೆಗೆದುಕೊಳ್ಳುವಷ್ಟು ಕಟ್ಟುನಿಟ್ಟು. ನಾರ್ಮಲ್‌ಗೆ ತಿರುಗಿಸಿದರೆ ಸಾಮಾನ್ಯವಾಗಿ ತೆಗೆದುಕೊಳ್ಳುತ್ತದೆ.

ಪೆಟ್ರೋಲಿನ ಬದಲು ಗೋಬರ್ ಗ್ಯಾಸಿನಲ್ಲಿ ಓಡಿಸಬಹುದೇ ಎಂದು ಕೇಳುವವರು ಶಿರಸಿ ಸೀಮೆಯಲ್ಲಿ ಇದ್ದೇ ಇರುತ್ತಾರೆ. ಮನೆಮನೆಯ ಗೋಬರ್ ಗ್ಯಾಸ್ ನಿಜಕ್ಕೂ ನೆಲೆನಿಂತ ತಾಲ್ಲೂಕು ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2001ರಲ್ಲಿ ಶಿರಸಿಯನ್ನು ಲೋಕಕ್ಕೆ ತೋರಿಸಿದ್ದರು. ಗ್ಯಾಸಿನಿಂದ ಕರೆಂಟು ತೆಗೆದ ಹಳೆಯ ಪಾಠವೂ ನಮ್ಮ ನಾಡಿನದೇ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಅದೇ ಸಂಸ್ಥೆಯಲ್ಲಿ ಕಟ್ಟಿದ ‘ಅಸ್ತ್ರ’ ಬಳಗ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರ ಸಗಣಿಯನ್ನೆಲ್ಲ ಸೇರಿಸಿ ಗ್ಯಾಸ್ ಮಾಡಿತು. ಊರಿನ ಅಡುಗೆಗೆಲ್ಲ ಅದು ಸಾಲದಾಯಿತು. 1987ರಿಂದ ಅದನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟು ಜನರೇಟರ್ ನಡೆಸಿ, ಕೊಳವೆಬಾವಿಯ ನೀರನ್ನೂ ಮನೆಗಳಿಗೆ ದೀಪವನ್ನೂ ಕೊಟ್ಟರು. ಹಳ್ಳಿಯವರೇ ನಡೆಸಿದ ವ್ಯವಸ್ಥೆ ಅದು.

ಮನೆಯ ಸಣ್ಣ ಪೆಟ್ರೋಲ್ ಸೆಟ್ಟಿಗೆ ಗ್ಯಾಸ್ ಕೊಡುವುದೂ ಆಗುವ ಕೆಲಸ. ಏರ್‌ಫಿಲ್ಟರಿಗೂ ಕಾರ್ಬೊರೇಟರಿಗೂ ನಡುವೆ ಒಂದು ಟಿ ಕೂರಿಸಿ, ಅದಕ್ಕೆ ವಾಲ್ವಿರುವ ಗ್ಯಾಸಿನ ಪೈಪು ತರುತ್ತಾರೆ. ಎಂಜಿನ್ ಪೆಟ್ರೋಲಿನಲ್ಲೇ ಶುರು. ಕಾಕ್ ಮುಚ್ಚಿ, ಬಟ್ಟಲಿನ ಪೆಟ್ರೋಲ್ ತೀರುವ ಹೊತ್ತಿಗೆ ಎಂಜಿನ್ ತಡವರಿಸುತ್ತದೆ. ಆ ಗಳಿಗೆಯಲ್ಲಿ ಗ್ಯಾಸಿನ ವಾಲ್ವನ್ನು ಕೂದಲೆಳೆಯಷ್ಟಷ್ಟೇ ತೆರೆಯುತ್ತ ಹೋಗಬೇಕು. ಗೋಬರ್ ಗ್ಯಾಸಿನಲ್ಲಿ ಉರಿಯುವ ಮೀಥೇನ್ 60 ಪಾಲಿನಷ್ಟು, ಮಿಕ್ಕಿದ್ದು ಬಹುತೇಕ ಉರಿಯದ ಇಂಗಾಲದ ಡೈಆಕ್ಸೈಡ್. ಹಾಗಾಗಿ ಒಂದು ಪಾಲು ಗ್ಯಾಸಿಗೆ ಆರು ಪಾಲಿಗೂ ಕಡಿಮೆ ಗಾಳಿ ಸಾಕು, ಹೆಚ್ಚಾದರೆ ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಶಕ್ತಿಯೂ ಕಾಲು ಭಾಗದಷ್ಟು ಇಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಎಂಜಿನ್ನನ್ನು ತಿನ್ನದಿರಲು ಲೇತಿನ ತುಕ್ಕು ಹಿಡಿದ ಕಬ್ಬಿಣದ ಸುರುಳಿ ತುಂಬಿದ ಡಬ್ಬಿಯ ಮೂಲಕ ಗ್ಯಾಸನ್ನು ಹಾಯಿಸಬೇಕು, ಎಂಜಿನ್ ಎಣ್ಣೆಯನ್ನು ಬೇಗ ಬೇಗ ಬದಲಿಸಬೇಕು. ಪೈಪಿನಲ್ಲಿ ನಿಲ್ಲುವ ನೀರು ಬಸಿಯಲು ತಗ್ಗಿನಲ್ಲಿ ಒಂದು ಕಾಕ್. ಒಂದು ಯೂನಿಟ್ಟಿಗೆ ಒಂದು ಘನ ಮೀಟರಿನಷ್ಟು ಗ್ಯಾಸ್ ಬೇಕು. ಎರಡು ಘನ ಮೀಟರಿನ ಸ್ಥಾವರದ ಮನೆಯಲ್ಲಿ ಹೀಗೆ ಮಾಡಿದರೆ ಅಂದಿನ ಅಡುಗೆಗೆ ಸೌದೆಯೇ ಗತಿ. ದೊಡ್ಡ ಸ್ಥಾವರ, ತುಂಬಿದ ಕೊಟ್ಟಿಗೆ ಇದ್ದವರಿಗೆ ಮಾತ್ರ ಇದು ಸರಿ ಎಂಬುದು ನನ್ನ ತೀರ್ಮಾನ. ಅಡುಗೆಯ 14.2 ಕೆಜಿ ಸಿಲಿಂಡರನ್ನು ಜನರೇಟರಿಗೆ ಜೋಡಿಸುವ ಯೋಚನೆ ಮಾತ್ರ ಬೇಡ, ಕಾನೂನೂ ಒಪ್ಪುವುದಿಲ್ಲ.

ಜನರೇಟರಿನಲ್ಲಿ ಅಗ್ಗದ್ದು ಕೊಳ್ಳಿ, ಹಳೆಯದನ್ನೇ ಕೊಂಡು ರಿಪೇರಿ ಮಾಡಿಸಿ, ಅಡ್ಡಿಯಿಲ್ಲ. ಚೇಂಜ್‌ಓವರ್, ಅರ್ಥಿಂಗ್, ಒಳ್ಳೆಯ ವಯರು, ಮೇಸ್ತ್ರಿಯ ಕೂಲಿ, ಈ ನಾಲ್ಕರಲ್ಲಿ ಚೌಕಾಸಿ ಮಾಡಬೇಡಿ. ಮೃಗಶಿರ ಮಳೆ ಬೀಳುವ ಮೊದಲೇ ಈ ಕೆಲಸ ಮಾಡಿಸಿಕೊಳ್ಳಿ. ಮನೆಯಲ್ಲಿ ಜನರೇಟರಿದೆ ಎಂಬುದನ್ನು ನಿಮ್ಮ ಊರಿನ ಲೈನ್‌ಮ್ಯಾನ್‌ಗೆ ತಿಳಿಸಿ, ಹಾಕಿಸಿದ ಚೇಂಜ್‌ಓವರನ್ನು ಅವರಿಗೆ ಒಮ್ಮೆ ತೋರಿಸಿ.